ಲಾಕ್‌ಡೌನ್ ಮತ್ತು ಫಿಟ್ಸ್: ಮನೆಮಂದಿ ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ತಮ್ಮನಿಗೆ ಚಿಕ್ಕ ವಯಸ್ಸಿನಿಂದ ಫಿಟ್ಸ್ ಇದೆ. 2020ರ ಮಾರ್ಚ್ 25ರಂದು, ಯುಗಾದಿಯ ದಿನವೇ ಲಾಕ್‌ಡೌನ್ ಶುರುವಾದಾಗ ನಮ್ಮ ಮನೆಯಲ್ಲಿ ಮೊದಲು ಎಣಿಸಿ ನೋಡಿದ್ದು ಅವನ ಮಾತ್ರೆಗಳನ್ನು. ಅದೇ ಆತಂಕದಲ್ಲಿದ್ದ ಬೇರೆ ಮನೆಗಳವರು ಒಬ್ಬರಿಂದ ಒಬ್ಬರು ನಂಬರ್ ಪಡೆದು ನನಗೆ ಫೋನ್ ಮಾಡತೊಡಗಿದರು. 2021ರ ಏಪ್ರಿಲ್ ಕೊನೆಯಲ್ಲಿ ಮತ್ತೆ ಬಸ್ ನಿಂತಾಗ ಅವೇ ಪ್ರಶ್ನೆಗಳು ಮತ್ತೆ ಬಂದವು. ಈಗಲೂ ಮಳೆಗೆ ರಸ್ತೆ ಕೊಚ್ಚಿಹೋದಾಗ, ಸಾರಿಗೆ ಮುಷ್ಕರ ಆದಾಗ ಯಾರೋ ಒಬ್ಬರು ಕೇಳುತ್ತಾರೆ. ಆದ್ದರಿಂದ ಎಲ್ಲವನ್ನೂ ಒಂದು ಕಡೆ ಬರೆದಿಡುತ್ತಿದ್ದೇನೆ. ನಾನು ಡಾಕ್ಟರಲ್ಲ. ಮಾತ್ರೆಯ ಪ್ರಮಾಣ, ಬದಲಾವಣೆ ಇವನ್ನೆಲ್ಲ ನಿಮ್ಮ ಡಾಕ್ಟರೇ ಹೇಳಬೇಕು.

ಫಿಟ್ಸ್ ಇರುವವರಿಗೆ ಕೊರೊನಾ ಬೇಗ ಅಂಟುತ್ತದೆಯೇ?

ಇಲ್ಲ. ಮೂರ್ಛೆರೋಗ ಇದೆ ಎಂಬ ಒಂದೇ ಕಾರಣಕ್ಕೆ ಸೋಂಕು ಹೆಚ್ಚಾಗಿ ತಗಲುವುದಿಲ್ಲ. ಫಿಟ್ಸ್ ಮಾತ್ರೆಗಳು ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತವೆ ಎಂದು ಹೆದರಿ ಕೆಲವರು ಮಾತ್ರೆ ಬಿಟ್ಟಿದ್ದರು. ದಿನನಿತ್ಯ ಬರೆಯುವ ಸಾಮಾನ್ಯ ಮಾತ್ರೆಗಳ ವಿಷಯದಲ್ಲಿ ಆ ಹೆದರಿಕೆಗೆ ಆಧಾರವಿಲ್ಲ.

ನಿಜವಾದ ಅಪಾಯ ಬೇರೆ ಕಡೆ ಇತ್ತು. ಮಾತ್ರೆ ಸಿಗದೆ ತಪ್ಪುವುದು, ನಿದ್ದೆ ಕೆಡುವುದು, ಜ್ವರ ಏರುವುದು, ಕುಡಿತ ಥಟ್ಟನೆ ನಿಲ್ಲುವುದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಮೂರ್ಛೆರೋಗವಿದೆ, ಸರಿಯಾದ ಚಿಕಿತ್ಸೆ ಸಿಕ್ಕರೆ ಅವರಲ್ಲಿ ಶೇ 70ರಷ್ಟು ಮಂದಿ ಫಿಟ್ಸ್ ಇಲ್ಲದೆ ಬದುಕಬಲ್ಲರು. ಆದರೆ ಮಾತ್ರೆ ದಿನವೂ, ಹೊತ್ತಿಗೆ ಸರಿಯಾಗಿ ಹೊಟ್ಟೆ ಸೇರಬೇಕು. ವರ್ಷಗಟ್ಟಲೆ ಒಂದೂ ಫಿಟ್ಸ್ ಬರದವರಿಗೆ ಲಾಕ್‌ಡೌನ್‌ನಲ್ಲಿ ಮತ್ತೆ ಬಂದಿತು ಎಂದು ಫೋನ್ ಬಂದಾಗ ನಾನು ಮೊದಲು ಕೇಳುತ್ತಿದ್ದದ್ದು ಎರಡೇ: ಮಾತ್ರೆ ಎಷ್ಟು ದಿನ ತಪ್ಪಿತು, ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತಾರೆ.

ಮಾತ್ರೆ ಮುಗೀತಾ ಬಂತು, ಬಸ್ಸಿಲ್ಲ, ನಮ್ಮೂರಲ್ಲಿ ಮೆಡಿಕಲ್ ಶಾಪೂ ಇಲ್ಲ. ಏನ್ ಮಾಡೋದಕ್ಕಾ?

ಅತಿ ಹೆಚ್ಚು ಬಂದ ಪ್ರಶ್ನೆ ಇದು. ಔಷಧಿ ಅಂಗಡಿಗಳಿಗೆ ಲಾಕ್‌ಡೌನ್‌ನಿಂದ ವಿನಾಯಿತಿ ಇತ್ತು. ಆದರೆ ಅಂಗಡಿ ತೆರೆದಿದ್ದರೇನು, ಅಲ್ಲಿಗೆ ಹೋಗುವ ಬಸ್ಸು ಬಹುತೇಕ ಕಡೆ 2020ರ ಮೇ 19ರವರೆಗೆ ರಸ್ತೆಗೆ ಇಳಿಯಲಿಲ್ಲ. ಬೈಕಿನಲ್ಲಿ ಹೊರಟರೆ ಚೆಕ್‌ಪೋಸ್ಟ್. ಅಂಗಡಿ ತಲುಪಿದರೂ ನಿಮ್ಮ ಚೀಟಿಯಲ್ಲಿರುವ ಕಂಪನಿಯ ಮಾತ್ರೆ ಇರುವುದಿಲ್ಲ. ಫಿನೋಬಾರ್ಬಿಟೋನ್‌ನಂಥ ಹಳೆಯ, ಅಗ್ಗದ ಮಾತ್ರೆಯನ್ನು ಎಷ್ಟೋ ಅಂಗಡಿಗಳು ಇಡುವುದೇ ಇಲ್ಲ.

ಆಗ ಕೆಲಸಕ್ಕೆ ಬಂದ ದಾರಿಗಳನ್ನು ಹೇಳುತ್ತೇನೆ. ಮೊದಲನೆಯದು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರ. ಫಿಟ್ಸ್ ಮಾತ್ರೆ ಎಂದರೆ ದೊಡ್ಡಾಸ್ಪತ್ರೆಯ ನರರೋಗ ತಜ್ಞರೇ ಬರೆಯಬೇಕು ಎಂದು ನಮ್ಮವರು ತಿಳಿದಿದ್ದಾರೆ. ಹಳೆಯ ಚೀಟಿ ಕೈಯಲ್ಲಿದ್ದರೆ ಅಲ್ಲಿನ ಎಂಬಿಬಿಎಸ್ ಡಾಕ್ಟರೂ ಅದನ್ನೇ ಮುಂದುವರಿಸಿ ಬರೆಯಬಲ್ಲರು. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಎಂಬ ಮಾನಸಿಕ ಆರೋಗ್ಯ ಕ್ಲಿನಿಕ್‌ನಲ್ಲಿಯೂ ಕೇಳಿ. ಹಳ್ಳಿಯ ಜನರಿಗೆ ಹತ್ತಿರದಲ್ಲೇ ಫಿಟ್ಸ್ ಮಾತ್ರೆ ಸಿಗಬೇಕೆಂಬ ಆಲೋಚನೆ ನಮ್ಮ ರಾಜ್ಯಕ್ಕೆ ಹೊಸದೂ ಅಲ್ಲ: ನಿಮ್ಹಾನ್ಸ್ 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಆರಂಭಿಸಿದ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲೇ ಮೂರ್ಛೆರೋಗದ ಚಿಕಿತ್ಸೆಯೂ ಸೇರಿತ್ತು.

ಎರಡನೆಯದು ಆಶಾ ಕಾರ್ಯಕರ್ತೆ. ಸರ್ವೆಗೆ ಮನೆಮನೆಗೆ ಬರುತ್ತಿದ್ದ ಅವರ ಕೈಗೆ ಚೀಟಿಯ ಜೆರಾಕ್ಸ್ ಕೊಟ್ಟರೆ, ಆರೋಗ್ಯ ಕೇಂದ್ರಕ್ಕೆ ಹೋದಾಗ ಮಾತ್ರೆ ತಂದುಕೊಟ್ಟವರು ಎಷ್ಟೋ ಮಂದಿ. ಅವರ ಋಣ ದೊಡ್ಡದು. ಇನ್ನು ಅಂಚೆ: ಲಾಕ್‌ಡೌನ್‌ನಲ್ಲಿ ಅಂಚೆ ಇಲಾಖೆ ಔಷಧಿ ಪಾರ್ಸೆಲ್‌ಗಳನ್ನು ಸಾಗಿಸಿತು, ಪೇಟೆಯಲ್ಲಿರುವ ನೆಂಟರು ಕೊಂಡು ಕಳಿಸಬಹುದಿತ್ತು. ಜನೌಷಧಿ ಕೇಂದ್ರಗಳನ್ನೂ ಮರೆಯಬೇಡಿ.

ಬೇರೆ ಕಂಪನಿ ಮಾತ್ರೆ ಕೊಟ್ಟರು. ತಗೊಳ್ಳಬಹುದಾ?

ಮಾತ್ರೆಯೇ ಇಲ್ಲದಿರುವುದಕ್ಕಿಂತ ಬೇರೆ ಕಂಪನಿಯದು ಸಾವಿರ ಪಾಲು ವಾಸಿ. ಆದರೆ ಸ್ಟ್ರಿಪ್‌ನ ಹಿಂದೆ ಬರೆದಿರುವ ಔಷಧಿಯ ಹೆಸರು ಅದೇ ಇರಬೇಕು, ಮಿಲಿಗ್ರಾಂ ಅದೇ ಇರಬೇಕು. ಎಪ್ಟಾಯಿನ್ ಎಂದರೆ ಫೆನಿಟಾಯಿನ್, ಲೆವಿಪಿಲ್ ಎಂದರೆ ಲೆವೆಟಿರಾಸಿಟಾಮ್, ಫ್ರಿಸಿಯಂ ಎಂದರೆ ಕ್ಲೊಬಾಜಾಮ್. ಇದನ್ನು ನಿಮ್ಮ ಚೀಟಿಯ ಪಕ್ಕದಲ್ಲೇ ಕನ್ನಡದಲ್ಲಿ ಬರೆದಿಟ್ಟುಕೊಳ್ಳಿ.

ಇಲ್ಲಿ ಒಂದು ಕಡೆ ಜನ ಎಡವುತ್ತಾರೆ. ಹೆಸರಿನ ಮುಂದೆ ಸಿಆರ್, ಕ್ರೋನೊ ಎಂದಿದ್ದರೆ ಅದು ಹೊಟ್ಟೆಯಲ್ಲಿ ನಿಧಾನವಾಗಿ ಕರಗುವ ಮಾತ್ರೆ. ಅದರ ಬದಲು ಸಾದಾ ಮಾತ್ರೆ ಕೊಟ್ಟರೆ ದಿನಕ್ಕೆ ಎಷ್ಟು ಹೊತ್ತು ತೆಗೆದುಕೊಳ್ಳಬೇಕೆಂಬ ಲೆಕ್ಕವೇ ಬದಲಾಗುತ್ತದೆ. ಹಾಗಾಗಿ ಡಾಕ್ಟರಿಗೆ ಒಂದು ಫೋನ್ ಮಾಡದೆ ಬದಲಿಸಬೇಡಿ. ಫೆನಿಟಾಯಿನ್ ಪ್ರಮಾಣದಲ್ಲಂತೂ ಚೂರು ಹೆಚ್ಚಾದರೂ ತಲೆ ತೂರಾಡುತ್ತದೆ, ಕಣ್ಣು ಎರಡೆರಡು ಕಾಣುತ್ತದೆ, ನಡಿಗೆ ಓಲಾಡುತ್ತದೆ.

ನಾಲ್ಕು ದಿನದ ಮಾತ್ರೆ ಉಳಿದಿದೆ. ಒಂದು ಹೊತ್ತು ಮಾತ್ರ ತಗೊಂಡು ಎಂಟು ದಿನ ತಳ್ಳಬಹುದಾ?

ದಯವಿಟ್ಟು ಹಾಗೆ ಮಾಡಬೇಡಿ. ಬಡತನದಲ್ಲಿ ಎಲ್ಲವನ್ನೂ ಅರ್ಧ ಮಾಡಿ ತಳ್ಳುವ ಅಭ್ಯಾಸ ನಮಗಿದೆ, ಅದು ನನಗೆ ಅರ್ಥವಾಗುತ್ತದೆ. ಆದರೆ ರಕ್ತದಲ್ಲಿ ಔಷಧಿಯ ಮಟ್ಟ ಕುಸಿದರೆ ಫಿಟ್ಸ್ ಮರಳುತ್ತದೆ. ಫಿನೋಬಾರ್ಬಿಟೋನ್, ಕ್ಲೊಬಾಜಾಮ್, ಕ್ಲೊನಾಜೆಪಾಮ್ ಇವನ್ನು ಥಟ್ಟನೆ ಬಿಟ್ಟರೆ ಒಂದರ ಹಿಂದೆ ಒಂದು ನಿಲ್ಲದೆ ಬರುವ ಫಿಟ್ಸ್ ಆಗಬಹುದು, ಅದು ಜೀವಕ್ಕೇ ಅಪಾಯ. ನಾಲ್ಕು ದಿನದ ಮಾತ್ರೆ ಇದೆ ಎಂದರೆ ಹುಡುಕಲು ನಾಲ್ಕು ದಿನ ಇದೆ ಎಂದು ಲೆಕ್ಕ ಹಾಕಿ, ಇವತ್ತೇ ಫೋನ್ ಹಚ್ಚಿ.

ಒಂದು ಹೊತ್ತಿನ ಮಾತ್ರೆ ಮರೆತುಹೋದರೆ ನೆನಪಾದ ತಕ್ಷಣ ತೆಗೆದುಕೊಳ್ಳಬಹುದು. ಮುಂದಿನ ಹೊತ್ತು ಹತ್ತಿರವೇ ಇದ್ದರೆ ಅದನ್ನು ಮಾತ್ರ ತೆಗೆದುಕೊಳ್ಳಿ, ಎರಡನ್ನೂ ಒಟ್ಟಿಗೆ ನುಂಗಬೇಡಿ.

ಡಾಕ್ಟರು ಫೋನಿನಲ್ಲೇ ಚೀಟಿ ಬರೆದುಕೊಟ್ಟರೆ ಅಂಗಡಿಯವರು ಮಾತ್ರೆ ಕೊಡುತ್ತಾರಾ?

ಕೊಡಬೇಕು. 2020ರ ಮಾರ್ಚ್ 25ರಂದೇ ಕೇಂದ್ರ ಸರ್ಕಾರ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಡಿಸಿತು. ಅಲ್ಲಿಂದ ಫೋನ್, ವಿಡಿಯೊ, ವಾಟ್ಸಾಪ್ ಮೂಲಕ ನೋಡಿ ಬರೆದ ಚೀಟಿಗೂ ಮಾನ್ಯತೆ ಬಂತು. ಏಪ್ರಿಲ್ 13ರಂದು ಇ–ಸಂಜೀವಿನಿ ಓಪಿಡಿಯೂ ಶುರುವಾಯಿತು, ಮನೆಯಿಂದಲೇ ಬಿಟ್ಟಿಯಾಗಿ ಡಾಕ್ಟರನ್ನು ಕಾಣಬಹುದಾಯಿತು.

ಆದರೆ ಆ ಮೊದಲ ಮಾರ್ಗಸೂಚಿಯಲ್ಲಿ, ಮಾದಕ ವಸ್ತು ಕಾಯಿದೆಯ ಪಟ್ಟಿಯಲ್ಲಿರುವ ಔಷಧಿಗಳನ್ನು ದೂರದಿಂದ ಬರೆಯುವಂತಿಲ್ಲ ಎಂದಿತ್ತು. ಕ್ಲೊಬಾಜಾಮ್, ಕ್ಲೊನಾಜೆಪಾಮ್, ಫಿನೋಬಾರ್ಬಿಟೋನ್ ಮೂರೂ ಆ ಪಟ್ಟಿಯಲ್ಲಿವೆ. ನಿದ್ದೆ ಮಾತ್ರೆಯ ದುರುಪಯೋಗ ತಡೆಯಲು ಮಾಡಿದ ನಿಯಮ ಫಿಟ್ಸ್ ಇರುವವರ ಕುತ್ತಿಗೆಗೆ ಬಂತು. ನಿಯಮ ಬರೆಯುವಾಗ ನಮ್ಮಂಥ ಮನೆಗಳ ಒಬ್ಬರಾದರೂ ಆ ಕೋಣೆಯಲ್ಲಿ ಇರಬೇಕಿತ್ತು ಎಂದು ನನಗೆ ಇಂದಿಗೂ ಅನಿಸುತ್ತದೆ. ನಿಮ್ಮ ಚೀಟಿಯಲ್ಲಿ ಈ ಮೂರರಲ್ಲಿ ಒಂದಿದ್ದರೆ, ಸಹಿ ಮತ್ತು ಸೀಲು ಇರುವ ಅಸಲು ಚೀಟಿ ಸದಾ ಕೈಯಲ್ಲಿರಲಿ, ಮುಗಿಯುವ ಎರಡು ವಾರ ಮೊದಲೇ ತರಿಸಿಕೊಳ್ಳಿ.

ಫೋನಿನಲ್ಲಿ ಡಾಕ್ಟರಿಗೆ ಏನೇನು ಹೇಳಬೇಕು?

ಫಿಟ್ಸ್ ಬಂದಾಗ ಮನೆಯಲ್ಲಿ ಇನ್ನೊಬ್ಬರಿದ್ದರೆ ಮೊಬೈಲಿನಲ್ಲಿ ವಿಡಿಯೊ ಮಾಡಿ. ಮನಸ್ಸಿಗೆ ಕಷ್ಟ, ಗೊತ್ತು. ಆದರೆ ಡಾಕ್ಟರಿಗೆ ಆ ವಿಡಿಯೊ ಹತ್ತು ಮಾತಿಗಿಂತ ಹೆಚ್ಚು ಹೇಳುತ್ತದೆ. ಮುಖ, ಕೈಕಾಲು ಎಲ್ಲವೂ ಕಾಣಲಿ. ಮೊದಲು ಯಾವ ಕೈ ಎಳೆಯಿತು, ತಲೆ ಯಾವ ಕಡೆ ತಿರುಗಿತು, ಕಣ್ಣು ತೆರೆದಿತ್ತೇ, ಎಷ್ಟು ನಿಮಿಷ, ನಾಲಿಗೆ ಕಚ್ಚಿಕೊಂಡರೇ, ಮೂತ್ರ ಹೋಯಿತೇ, ಎಚ್ಚರ ಬರಲು ಎಷ್ಟು ಹೊತ್ತಾಯಿತು: ಇಷ್ಟನ್ನು ಬರೆದಿಡಿ. ದೇಹದ ತೂಕವನ್ನೂ ಹೇಳಿ. ಮಕ್ಕಳಿಗೆ ಮಾತ್ರೆ, ಸಿರಪ್‌ಗಳ ಪ್ರಮಾಣ ತೂಕದ ಮೇಲೆ ನಿಂತಿದೆ.

ಹೊರಗಿನಿಂದ ಬಂದವರು ಬಿಸಿನೀರಲ್ಲಿ ತಲೆಗೆ ಸ್ನಾನ ಮಾಡಬೇಕು ಅಂತಾರೆ. ಇವನಿಗೆ ಸ್ನಾನದಲ್ಲೇ ಫಿಟ್ಸ್ ಬರುತ್ತೆ!

ಇದನ್ನು ಕೇಳಿದ ತಾಯಿಯ ಅನುಮಾನ ಸರಿಯಾಗಿತ್ತು. ತಲೆಯ ಮೇಲೆ ಸುಡುಸುಡು ನೀರು ಹುಯ್ದುಕೊಂಡಾಗ ಮಾತ್ರ ಬರುವ ಒಂದು ಬಗೆಯ ಮೂರ್ಛೆ ಇದೆ. ಬಿಸಿನೀರ ಮೂರ್ಛೆ ಎನ್ನೋಣ. ಜಗತ್ತಿನ ಬೇರೆಡೆ ವಿರಳ, ದಕ್ಷಿಣ ಭಾರತದಲ್ಲಿ, ಅದರಲ್ಲೂ ಹಳೆ ಮೈಸೂರು ಸೀಮೆಯಲ್ಲಿ ಹೆಚ್ಚು. ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಇದನ್ನು ದಶಕಗಳ ಕಾಲ ಅಧ್ಯಯನ ಮಾಡಿದವರು. ಹಂಡೆಯಿಂದ ಚೊಂಬಿನಲ್ಲಿ ಮೊಗೆದು ಒಂದರ ಹಿಂದೊಂದು ತಲೆಗೆ ಸುರಿದುಕೊಳ್ಳುವ ನಮ್ಮ ಸ್ನಾನದ ರೀತಿಗೂ ಇದಕ್ಕೂ ಸಂಬಂಧವಿದೆ.

ಲಾಕ್‌ಡೌನ್ ಶುರುವಾದದ್ದು ಯುಗಾದಿಯಂದು, ಎಣ್ಣೆ ಹಚ್ಚಿ ಹದವಾಗಿ ನೀರು ಕಾಯಿಸಿ ತಲೆಗೆ ಹುಯ್ಯುವ ಹಬ್ಬದಂದು. ಆಮೇಲೆ ದಿನವೂ, ಹಾಲು ತರಲು ಹೋಗಿ ಬಂದರೂ, ಬಿಸಿನೀರ ಸ್ನಾನ. ಬಿಸಿನೀರಿನಲ್ಲಿ ಮಿಂದರೆ ವೈರಸ್ ಸಾಯುತ್ತದೆ ಎಂಬುದಕ್ಕೆ ಆಧಾರವಿಲ್ಲ, ಅದನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳಿತ್ತು. ಈ ಬಗೆಯ ಮೂರ್ಛೆ ಇರುವವರು ಉಗುರುಬೆಚ್ಚಗಿನ ನೀರಿನಲ್ಲಿ ಮೈ ತೊಳೆದುಕೊಂಡರೆ ಸಾಕು. ತಲೆಗೆ ಬೇರೆ ದಿನ, ಬೇರೆಯಾಗಿ, ಒದ್ದೆ ಬಟ್ಟೆಯಿಂದ ಒರೆಸಿಕೊಳ್ಳಬಹುದು. ಕೆಲವರಿಗೆ ತಲೆಸ್ನಾನಕ್ಕೆ ಒಂದೂವರೆ, ಎರಡು ಗಂಟೆ ಮುಂಚೆ ಕ್ಲೊಬಾಜಾಮ್ ತೆಗೆದುಕೊಳ್ಳಲು ಡಾಕ್ಟರು ಹೇಳುತ್ತಾರೆ. ಅದು ಅವರವರ ಚೀಟಿಯಲ್ಲಿದ್ದರೆ ಮಾತ್ರ.

ಯಾವ ಬಗೆಯ ಫಿಟ್ಸ್ ಇದ್ದರೂ ಬಚ್ಚಲಿನ ಚಿಲಕ ಹಾಕಬಾರದು, ಮಣೆಯ ಮೇಲೆ ಕೂತು ಮೀಯಬೇಕು, ಕುದಿಯುವ ಹಂಡೆ ಕೈಗೆಟಕುವಷ್ಟು ಹತ್ತಿರ ಇರಬಾರದು. ಹಬೆ ತೆಗೆದುಕೊಳ್ಳುವಾಗ ಕುದಿಯುವ ಪಾತ್ರೆಯ ಮೇಲೆ ಮುಖ ಬಗ್ಗಿಸಿ ಕಂಬಳಿ ಹೊದ್ದುಕೊಳ್ಳುವುದಂತೂ ಬೇಡವೇ ಬೇಡ. ಆ ಕ್ಷಣ ಫಿಟ್ಸ್ ಬಂದರೆ ಮುಖವೇ ಬೆಂದುಹೋದೀತು.

ಕರ್ಪೂರ, ಲವಂಗ, ಓಮದ ಗಂಟು ಮೂಸಿದರೆ ಆಕ್ಸಿಜನ್ ಏರುತ್ತದಂತೆ?

2021ರ ಏಪ್ರಿಲ್‌ನಲ್ಲಿ ಎಲ್ಲರ ವಾಟ್ಸಾಪ್‌ನಲ್ಲೂ ಓಡಾಡಿದ ಸಂದೇಶ ಅದು. ಆಕ್ಸಿಜನ್ ಏರುವುದಿಲ್ಲ. ಫಿಟ್ಸ್ ಇರುವವರಿಗೆ ಇದು ಬರೀ ಉಪಯೋಗವಿಲ್ಲದ್ದು ಎಂದು ಬಿಡುವಂತೆಯೂ ಇಲ್ಲ. ಕರ್ಪೂರ ಮತ್ತು ನೀಲಗಿರಿ ಎಣ್ಣೆ ಮೆದುಳನ್ನು ಕೆರಳಿಸಿ ಫಿಟ್ಸ್ ತರಬಲ್ಲವು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ನರರೋಗ ತಜ್ಞರು ಇಂಥ ಪ್ರಕರಣಗಳನ್ನು ಕಲೆಹಾಕಿ ಪ್ರಕಟಿಸಿದ್ದಾರೆ. ಹಚ್ಚುವ ಬಾಮ್, ಮೂಸುವ ಡಬ್ಬಿ, ಹಬೆ ನೀರಿಗೆ ಹಾಕುವ ಗುಳಿಗೆ, ಇವುಗಳ ಮೇಲೆ ಏನು ಬರೆದಿದೆ ಎಂದು ಓದಿ. ಕರ್ಪೂರವೋ ನೀಲಗಿರಿಯೋ ಇದ್ದರೆ ದೂರವಿಡಿ. ಚಿಕ್ಕ ಮಕ್ಕಳಿಗೆ ಶೀತವಾದಾಗ ಎದೆಗೆ ಕರ್ಪೂರದೆಣ್ಣೆ ತಿಕ್ಕುವ ಅಜ್ಜಿಯರಿಗೂ ಮೆಲ್ಲಗೆ ಹೇಳಿ, ಬೇಸರಿಸದಂತೆ.

ರಾತ್ರಿಯೆಲ್ಲ ಮೊಬೈಲ್, ಬೆಳಿಗ್ಗೆ ಹತ್ತಕ್ಕೆ ಏಳುತ್ತಾನೆ. ಒಟ್ಟು ನಿದ್ದೆ ಆಗ್ತಿದೆಯಲ್ಲ?

ಒಟ್ಟು ಲೆಕ್ಕ ಸಾಲದು. ಶಾಲೆ, ಕಾಲೇಜು, ಕೆಲಸ ನಿಂತಾಗ ಮಲಗುವ ಹೊತ್ತು ಹಳಿ ತಪ್ಪಿತು, ಅದರ ಜೊತೆ ಬೆಳಗಿನ ಮಾತ್ರೆಯೂ ಮಧ್ಯಾಹ್ನಕ್ಕೆ ಜಾರಿತು. ಹದಿಹರೆಯದವರಲ್ಲಿ, ಬೆಳಿಗ್ಗೆ ಎದ್ದಾಗ ಕೈ ಥಟ್ಟನೆ ಜಿಗಿದು ಕಾಫಿ ಲೋಟ ಬೀಳಿಸುವ ಬಗೆಯ ಮೂರ್ಛೆ ಇರುವವರಿಗೆ ನಿದ್ದೆಗೇಡು ದೊಡ್ಡ ಶತ್ರು. ಮಿನುಗುವ ಬೆಳಕಿನಿಂದ ಫಿಟ್ಸ್ ಬರುವವರು ಮೂರ್ಛೆರೋಗ ಇರುವ ನೂರು ಜನರಲ್ಲಿ ಸುಮಾರು ಮೂರು ಮಂದಿಯಷ್ಟೇ, ಹಾಗಾಗಿ ಆನ್‌ಲೈನ್ ಕ್ಲಾಸ್ ಬಿಡಿಸಬೇಕಿಲ್ಲ. ಮಾತ್ರೆಯ ಹೊತ್ತಿಗೆ ಅಲಾರಂ ಇಡಿ, ಮಲಗುವ ಹೊತ್ತಿಗೆ ಫೋನನ್ನು ಅಮ್ಮನ ಹತ್ತಿರ ಇಡುವ ಪದ್ಧತಿ ಮಾಡಿ.

ನಮ್ಮ ಮನೆಯವರಿಗೆ ಫಿಟ್ಸ್ ಇರಲೇ ಇಲ್ಲ. ಹೆಂಡದಂಗಡಿ ಮುಚ್ಚಿದ ಮೂರನೇ ದಿನ ಬಿದ್ದರು. ಯಾಕೆ?

ಪ್ರತಿದಿನ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ, ಸಾಮಾನ್ಯವಾಗಿ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಕೈ ನಡುಕ, ಬೆವರು, ನಿದ್ದೆ ಬಾರದಿರುವುದು ಮುನ್ಸೂಚನೆ. ಆಮೇಲೆ ಇಲ್ಲದ್ದು ಕಾಣುವುದು, ಬಡಬಡಿಸುವುದು ಶುರುವಾದರೆ ಸಾವೂ ಬರಬಹುದು. ಕರ್ನಾಟಕದಲ್ಲಿ ಮದ್ಯದಂಗಡಿ ಮತ್ತೆ ತೆರೆದದ್ದು 2020ರ ಮೇ 4ಕ್ಕೆ. ನಡುವಿನ ಆ ವಾರಗಳಲ್ಲಿ ಜನ ಇದನ್ನು ಶಾಪವೆಂದೋ ಕೊರೊನಾ ಎಂದೋ ತಿಳಿದು ಮನೆಯಲ್ಲೇ ಉಳಿದರು. ಇದು ಆಸ್ಪತ್ರೆಯಲ್ಲಿ ಗುಣವಾಗುವ ತೊಂದರೆ. ಬೈಯುತ್ತಾ ಕೂರದೆ 108ಕ್ಕೆ ಕರೆ ಮಾಡಿ. ಮೊದಲೇ ಫಿಟ್ಸ್ ಇದ್ದು ಕುಡಿಯುವ ಅಭ್ಯಾಸವೂ ಇದ್ದವರಿಗೆ ಅಪಾಯ ಇಮ್ಮಡಿ. ಅವರು ಕುಡಿತ ಬಿಡಬೇಕಾದ್ದು ಡಾಕ್ಟರ ಕಣ್ಣಳತೆಯಲ್ಲಿ.

ಕೋವಿಡ್ ಬಂದೇ ಬಿಟ್ಟಿತು. ಕೋಣೆಯಲ್ಲಿ ಒಬ್ಬರೇ ಇರಬೇಕು. ಹೇಗೆ?

ಕೋಣೆ ಬೇರೆ ಇರಲಿ, ಬಾಗಿಲಿಗೆ ಒಳಗಿನಿಂದ ಚಿಲಕ ಬೇಡ. ಕಿಟಕಿಯಿಂದ ಆಗಾಗ ನೋಡಿ, ರಾತ್ರಿ ಫೋನ್ ಕರೆ ಆನ್ ಇಟ್ಟು ಮಲಗಿ, ಒಳಗೆ ಸದ್ದಾದರೆ ಹೊರಗಿನವರಿಗೆ ಕೇಳುತ್ತದೆ. ಮಂಚ ಎತ್ತರವಿದ್ದರೆ ಹಾಸಿಗೆ ನೆಲದ ಮೇಲೆ. ಜ್ವರ ಏರಲು ಬಿಡಬೇಡಿ, ಪ್ಯಾರಸಿಟಮಾಲ್ ಫಿಟ್ಸ್ ಇರುವವರಿಗೂ ಆಗುತ್ತದೆ. ವಾಂತಿಯಿಂದ ಮಾತ್ರೆ ನಿಲ್ಲದಿದ್ದರೆ ಮನೆಯಲ್ಲಿ ಕಾಯಬೇಡಿ.

ಆಸ್ಪತ್ರೆಗೆ ಸೇರಿಸಿದರೆ ಫಿಟ್ಸ್ ಮಾತ್ರೆಯ ಪಟ್ಟಿಯನ್ನು ಕೋವಿಡ್ ವಾರ್ಡಿನ ಡಾಕ್ಟರಿಗೆ ತೋರಿಸಲೇಬೇಕು, ಒಳಗೆ ನಿಮ್ಮನ್ನು ಬಿಡದಿದ್ದರೂ ಚೀಟಿ ರೋಗಿಯ ಜೇಬಿನಲ್ಲಿರಲಿ. ಕಾರಣವಿದೆ: ಫೆನಿಟಾಯಿನ್, ಕಾರ್ಬಮಜೆಪಿನ್, ಫಿನೋಬಾರ್ಬಿಟೋನ್ ಮೂರೂ ಯಕೃತ್ತು ಬೇರೆ ಔಷಧಿಗಳನ್ನು ಬೇಗ ಅರಗಿಸಿಬಿಡುವಂತೆ ಮಾಡುತ್ತವೆ. ಕೋವಿಡ್‌ಗೆ ಕೊಡುವ ಸ್ಟೀರಾಯ್ಡ್ ಡೆಕ್ಸಾಮೆಥಾಸೋನ್‌ನ ಬಲ ಇದರಿಂದ ತಗ್ಗುತ್ತದೆ. ಆಮೇಲೆ ಬಂದ ಪ್ಯಾಕ್ಸ್‌ಲೋವಿಡ್ ಗುಳಿಗೆಯನ್ನು ಈ ಮೂರರ ಜೊತೆ ಕೊಡುವಂತೆಯೇ ಇಲ್ಲ. ಮೊದಲ ಅಲೆಯಲ್ಲಿ ಜನ ತಾವೇ ಕೊಂಡು ನುಂಗುತ್ತಿದ್ದ ಹೈಡ್ರಾಕ್ಸಿಕ್ಲೋರೋಕ್ವಿನ್ ಫಿಟ್ಸ್ ಇರುವವರಲ್ಲಿ ಎಚ್ಚರದಿಂದ ಬಳಸಬೇಕಾದ ಔಷಧಿ.

ರಸ್ತೆಯಲ್ಲಿ ಒಬ್ಬರು ಫಿಟ್ಸ್ ಬಂದು ಬಿದ್ದರೆ ಮುಟ್ಟಬಹುದಾ? ಕೊರೊನಾ ಇದ್ದರೆ?

ಮುಟ್ಟಿ. ಆ ದಿನಗಳಲ್ಲಿ ನಮ್ಮವರು ಅತ್ಯಂತ ಹೆದರಿದ್ದು ಇದಕ್ಕೇ: ಬಿದ್ದರೆ ಯಾರೂ ಹತ್ತಿರ ಬರುವುದಿಲ್ಲವಲ್ಲ ಎಂದು. ನಿಮ್ಮ ಮಾಸ್ಕ್ ಸರಿಮಾಡಿಕೊಳ್ಳಿ. ಬಿದ್ದವರ ಮಾಸ್ಕ್ ತೆಗೆಯಿರಿ, ಉಸಿರಿಗೆ ಅಡ್ಡವಾಗಬಾರದು. ತಲೆಯ ಕೆಳಗೆ ಟವೆಲ್ಲೋ ಚೀಲವೋ ಇಡಿ. ಎಳೆತ ತಗ್ಗಿದೊಡನೆ ಮಗ್ಗುಲಿಗೆ ಹೊರಳಿಸಿ, ಜೊಲ್ಲು ಹೊರಗೆ ಹರಿಯಲಿ. ಅವರ ಬೆನ್ನ ಹಿಂದೆ ಕೂತರೆ ಉಸಿರು ನಿಮ್ಮ ಮುಖಕ್ಕೆ ತಾಗುವುದೂ ಕಡಿಮೆ. ಆಮೇಲೆ ಸೋಪು ಹಚ್ಚಿ ಕೈ ತೊಳೆದರಾಯಿತು.

ಕೈಗೆ ಬೀಗದಕೈ ಕೊಡಬೇಡಿ, ಈರುಳ್ಳಿ ಚಪ್ಪಲಿ ಮೂಸಿಸಬೇಡಿ, ಬಾಯಿಗೆ ಚಮಚವಾಗಲಿ ಬೆರಳಾಗಲಿ ಹಾಕಬೇಡಿ, ನೀರು ಕುಡಿಸಬೇಡಿ. ಗಡಿಯಾರ ನೋಡಿ. ಬಹಳಷ್ಟು ಫಿಟ್ಸ್ ಎರಡು ಮೂರು ನಿಮಿಷದಲ್ಲಿ ತಾನೇ ನಿಲ್ಲುತ್ತದೆ. ಐದು ನಿಮಿಷ ದಾಟಿದರೆ, ಎಚ್ಚರ ಬಾರದೆ ಮತ್ತೆ ಬಂದರೆ, ಗರ್ಭಿಣಿಯಾಗಿದ್ದರೆ, ನೀರಿನಲ್ಲಿ ಬಿದ್ದಿದ್ದರೆ 108. ಪದೇ ಪದೇ ಉದ್ದದ ಫಿಟ್ಸ್ ಬರುವವರ ಮನೆಯಲ್ಲಿ ಮೂಗಿಗೆ ಹೊಡೆಯುವ ಮಿಡಜೋಲಾಮ್ ಸ್ಪ್ರೇ ಇಟ್ಟುಕೊಳ್ಳಬಹುದೇ ಎಂದು ಡಾಕ್ಟರನ್ನು ಕೇಳಿ. ಆಂಬುಲೆನ್ಸ್ ತಡವಾಗುವ ಕಾಲದಲ್ಲಿ ಅದು ಜೀವ ಉಳಿಸುವ ವಸ್ತು.

ಮಾಸ್ಕ್ ಹಾಕಿದರೆ ಫಿಟ್ಸ್ ಬರುತ್ತಾ? ಲಸಿಕೆ ಹಾಕಿಸಿಕೊಳ್ಳಬಹುದಾ?

ಮಾಸ್ಕ್‌ನಿಂದ ಫಿಟ್ಸ್ ಹೆಚ್ಚುತ್ತದೆ ಎಂಬುದಕ್ಕೆ ಆಧಾರವಿಲ್ಲ. ಲಸಿಕೆ ಹಾಕಿಸಿಕೊಳ್ಳಲು ಮೂರ್ಛೆರೋಗ ಅಡ್ಡಿಯಲ್ಲ, ಆ ರಾತ್ರಿ ಜ್ವರ ಬಂದರೆ ಪ್ಯಾರಸಿಟಮಾಲ್, ಎಂದಿನ ಮಾತ್ರೆ ತಪ್ಪಿಸಬಾರದು.

ಸೊಸೆ ಬಸುರಿ. ಆಸ್ಪತ್ರೆಗೆ ಹೋಗೋಕಾಗಲ್ಲ, ಮಾತ್ರೆ ಮಗುವಿಗೆ ಕೆಟ್ಟದಲ್ವಾ, ನಿಲ್ಲಿಸಿಬಿಡಲಾ?

ನಿಲ್ಲಿಸಬೇಡಿ. ಬಸುರಿಗೆ ದೊಡ್ಡ ಫಿಟ್ಸ್ ಬಂದು ಬಿದ್ದರೆ ತಾಯಿ, ಮಗು ಇಬ್ಬರಿಗೂ ಅಪಾಯ. ಸೋಡಿಯಂ ವಾಲ್ಪ್ರೊಯೇಟ್ ಇದ್ದರೆ ಮಾತ್ರ ಇವತ್ತೇ ಫೋನಿನಲ್ಲಿ ಡಾಕ್ಟರಿಗೆ ತಿಳಿಸಿ, ಅದು ಮಗುವಿಗೆ ತೊಂದರೆ ಕೊಡಬಲ್ಲದು, ಬದಲಾಯಿಸುವುದನ್ನು ಅವರೇ ನಿರ್ಧರಿಸಬೇಕು. ಫೋಲಿಕ್ ಆಸಿಡ್ ತಪ್ಪಿಸಬೇಡಿ.

ರಂಜಾನ್ ಉಪವಾಸ ಇಡಬಹುದಾ?

2020ರಲ್ಲಿ ರಂಜಾನ್ ಲಾಕ್‌ಡೌನ್ ನಡುವೆಯೇ ಬಂತು. ಫಿಟ್ಸ್ ಹತೋಟಿಯಲ್ಲಿದ್ದು ದಿನಕ್ಕೆ ಎರಡೇ ಹೊತ್ತು ಮಾತ್ರೆ ಇದ್ದರೆ ಸಹರಿ, ಇಫ್ತಾರ್ ಹೊತ್ತಿಗೆ ಹೊಂದಿಸಲು ಡಾಕ್ಟರು ಒಪ್ಪಬಹುದು. ಮೂರು ಹೊತ್ತು ಇದ್ದರೆ, ಇತ್ತೀಚೆಗೆ ಫಿಟ್ಸ್ ಬಂದಿದ್ದರೆ ಬೇಡ. ಕಾಯಿಲೆಯವರಿಗೆ ಧರ್ಮದಲ್ಲೇ ವಿನಾಯಿತಿ ಇದೆ. ಉಪವಾಸಕ್ಕಿಂತ ನಡುರಾತ್ರಿಯ ನಿದ್ದೆಗೇಡಿನ ಕಡೆಗೆ ಹೆಚ್ಚು ಗಮನವಿರಲಿ.

ಅಕ್ಕಪಕ್ಕದವರಿಗೆ ಹೇಳಲಾ ಬೇಡವಾ? ಮಗಳ ಮದುವೆ ಆಗಬೇಕು.

ಈ ಪ್ರಶ್ನೆಗೆ ನಾನು ಗಟ್ಟಿಯಾಗಿ ಉತ್ತರಿಸುತ್ತೇನೆ: ಒಬ್ಬರಿಗಾದರೂ ಹೇಳಿ. ಲಾಕ್‌ಡೌನ್‌ನಲ್ಲಿ ಗುಟ್ಟು ಕಾಪಾಡಿಕೊಂಡ ಮನೆಗಳೇ ಹೆಚ್ಚು ನರಳಿದವು. ಮಾತ್ರೆ ತರುವವರಿರಲಿಲ್ಲ, ಯಾಕೆ ಹೊರಟಿರಿ ಎಂದು ಪೊಲೀಸರು ಕೇಳಿದರೆ ಹೇಳಲು ಬಾಯಿ ಬರುತ್ತಿರಲಿಲ್ಲ. ಸಂಬಂಧ ತಪ್ಪೀತೆಂಬ ಭಯವನ್ನು ನಾನು ಹಗುರ ಮಾಡುವುದಿಲ್ಲ, ಹೆಣ್ಣುಮಕ್ಕಳ ಮನೆಗಳಲ್ಲಿ ಅದು ದಿನದಿನದ ಸಂಕಟ. ಆದರೆ ಆಪತ್ತಿಗಾಗುವ ಒಂದು ಮನೆಗೆ ಸತ್ಯ ಗೊತ್ತಿರಲಿ. ಮನಸ್ಸು ತೀರಾ ಕುಗ್ಗಿದರೆ, ಸಾಯುವ ಮಾತು ಬಂದರೆ ಅದನ್ನೂ ಡಾಕ್ಟರಿಗೆ ಹೇಳಿ. ಕೆಲವೊಮ್ಮೆ ಲೆವೆಟಿರಾಸಿಟಾಮ್‌ನಂಥ ಮಾತ್ರೆಯೇ ಸಿಡುಕು, ಖಿನ್ನತೆ ತರಬಹುದು, ಅದಕ್ಕೆ ಪರಿಹಾರವಿದೆ.

ಮುಂದೆ ಇಂಥದ್ದು ಬಂದರೆ ಮನೆಯಲ್ಲಿ ಎಷ್ಟು ಮಾತ್ರೆ ಇರಬೇಕು?

ಒಂದು ತಿಂಗಳಿನದು ಕೈಗಾವಲಿಗೆ, ಬಳಸುವುದು ಬೇರೆ. ಒಟ್ಟಿಗೆ ಕೊಳ್ಳಲು ದುಡ್ಡಾಗದಿದ್ದರೆ ಪ್ರತಿ ಬಾರಿ ಒಂದು ಸ್ಟ್ರಿಪ್ ಹೆಚ್ಚು ತನ್ನಿ. ಹಳೆಯದು ಮೊದಲು ಮುಗಿಯಲಿ.

ಮಾತ್ರೆ ಮನೆ ಬಾಗಿಲಿಗೆ ಬರುವುದು ಅಸಾಧ್ಯದ ಮಾತಲ್ಲ. ನರರೋಗ ತಜ್ಞ ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು ನಮ್ಮ ಯಳಂದೂರಿನ ಹಳ್ಳಿಗಳಲ್ಲಿ ಬರೀ ಫಿನೋಬಾರ್ಬಿಟೋನ್, ಫೆನಿಟಾಯಿನ್ ಕೊಟ್ಟು ಫಿಟ್ಸ್ ಹತೋಟಿಗೆ ತರಬಹುದೆಂದು ತೋರಿಸಿದ್ದು 2001ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿದೆ. 2022ರಲ್ಲಿ ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮ ಆರಂಭಿಸಿವೆ. ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ಆ ಕಾರ್ಯಕ್ರಮದ ಕ್ಲಿನಿಕ್ ಇದೆಯೇ ಎಂದು ವಿಚಾರಿಸಿ. ಇಲ್ಲದಿದ್ದರೆ ಯಾಕಿಲ್ಲ ಎಂದು ಕೇಳಿ, ಕೇಳುವ ಹಕ್ಕು ನಮ್ಮದು.

ಕೂಡಿಟ್ಟ ಮಾತ್ರೆ ಕೆಡುವುದಿಲ್ಲವೇ?

ತಾರೀಖು ನೋಡಿಕೊಳ್ಳಿ. ಒಲೆಯ ಮೇಲಿನ ಗೂಡು, ಬಚ್ಚಲ ಗೋಡೆಯ ಪಕ್ಕದ ಬೀರು ಬೇಡ. ವಾಲ್ಪ್ರೊಯೇಟ್ ಮಾತ್ರೆ ಗಾಳಿಯ ತೇವ ಹೀರಿ ಮೆತ್ತಗಾಗುತ್ತದೆ, ಮಲೆನಾಡು ಕರಾವಳಿಯ ಮಳೆಗಾಲದಲ್ಲಂತೂ ಬೇಗ. ಆದ್ದರಿಂದ ವಾರದ ಡಬ್ಬಿಗೆ ಮೊದಲೇ ಬಿಡಿಸಿ ತುಂಬಬೇಡಿ, ನುಂಗುವ ಹೊತ್ತಿಗೆ ಸ್ಟ್ರಿಪ್‌ನಿಂದ ತೆಗೆಯಿರಿ.